ಅಡಿಗೆಮನೆಯ ಹೊಗೆ ಮತ್ತು ಗದ್ದಲ: ನಾವೇ ಅಳೆಯಬೇಕಾದ ಲೆಕ್ಕ



ಹೊಸ ಹೋಟೆಲ್ ತೆರೆಯುವಾಗ ಗ್ರಾಹಕರು ಕೂರುವ ಹಾಲಿಗೆ ಎಷ್ಟು ಟನ್ ಎ.ಸಿ. ಬೇಕು ಎಂದು ನಾವು ಎರಡು ಮೂರು ಕಡೆ ವಿಚಾರಿಸುತ್ತೇವೆ. ಕುರ್ಚಿಯ ಬಣ್ಣ, ದೀಪ, ಗಾಜು ಎಲ್ಲವನ್ನೂ ಮುಂದೆ ನಿಂತು ಆರಿಸುತ್ತೇವೆ. ಅಡಿಗೆಮನೆಯ ವಿಷಯ ಬಂದಾಗ ಮಾತ್ರ "ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಬಿಡಿ" ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿ ಮುಗಿಸುತ್ತೇವೆ. ಹೈದರಾಬಾದಿನ ಮೇ ತಿಂಗಳ ಬಿಸಿಲಿನಲ್ಲಿ ಹಾಲಿನಲ್ಲಿ ಕುಳಿತವರು ಅರ್ಧ ಗಂಟೆ ಇದ್ದು ಹೋಗುತ್ತಾರೆ. ದೋಸೆ ಕಾವಲಿಯ ಮುಂದೆ ನಿಂತವನು ಬೆಳಿಗ್ಗೆ ಐದಕ್ಕೆ ಬಂದರೆ ರಾತ್ರಿಯವರೆಗೂ ಅಲ್ಲೇ ಇರುತ್ತಾನೆ.

ಈ ವಿಷಯ ನಮ್ಮ ತಲೆಗೆ ಹೊಕ್ಕಿದ್ದು ತಡವಾಗಿ. ನಮ್ಮಲ್ಲಿ ಬಹಳ ವರ್ಷಗಳಿಂದ ಹಿಟ್ಟು ರುಬ್ಬುವ ಕೆಲಸ ನೋಡಿಕೊಳ್ಳುತ್ತಿದ್ದ ಒಬ್ಬ ಹಳಬರಿದ್ದರು. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹುಡುಗರು ತಮಾಷೆ ಮಾಡುತ್ತಿದ್ದರು. ನಾವೂ ವಯಸ್ಸಾಯಿತು ಎಂದುಕೊಂಡೆವು, ಕೆಲವೊಮ್ಮೆ ಗದರಿದ್ದೂ ಉಂಟು. ಊರಿನಿಂದ ಬಂದ ಫೋನಿನಲ್ಲಿ ಮೊಮ್ಮಗಳ ಮಾತು ಕೇಳಿಸುವುದಿಲ್ಲ ಎಂದು ಅವರು ಫೋನನ್ನು ನಮ್ಮ ಕೈಗೆ ಕೊಟ್ಟ ದಿನ ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿಗಳಲ್ಲಿ ಒಂದೇ ರೀತಿಯ ನಷ್ಟ. ಇದು ದೊಡ್ಡ ಶಬ್ದದ ಬಳಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಬರುವ ಕಿವುಡು, ಇದಕ್ಕೆ ಔಷಧವಿಲ್ಲ ಎಂದರು ವೈದ್ಯರು. ಆ ಶಬ್ದದ ಯಂತ್ರವನ್ನು ತಂದು ಕೂರಿಸಿದವರು ನಾವೇ.

ಕಾರ್ಖಾನೆಗೆ ಇರುವ ನಿಯಮ ನಮಗೇಕಿಲ್ಲ?

ಹೊಗೆ, ಧೂಳು, ಗದ್ದಲ ಎಂದರೆ ಜೀಡಿಮೆಟ್ಲ, ಬಾಲಾನಗರ, ಪಟಾನ್‌ಚೆರು ಕಡೆಯ ಕಾರ್ಖಾನೆಗಳ ಸಮಸ್ಯೆ ಎಂದು ನಾವು ಭಾವಿಸಿದ್ದೇವೆ. ಕಾನೂನೂ ಹಾಗೆಯೇ ಇತ್ತು. 1948ರ ಕಾರ್ಖಾನೆ ಕಾಯ್ದೆಯ 13ನೇ ಕಲಂ ಗಾಳಿ ಸಂಚಾರ ಮತ್ತು ಉಷ್ಣತೆಯ ಬಗ್ಗೆ, 14ನೇ ಕಲಂ ಧೂಳು ಮತ್ತು ಹೊಗೆಯ ಬಗ್ಗೆ ಹೇಳುತ್ತಿತ್ತು. ಆದರೆ ಕಾರ್ಖಾನೆ ಎಂದರೆ ಏನು ಎಂಬ ವ್ಯಾಖ್ಯೆಯಿಂದ ಹೋಟೆಲ್, ರೆಸ್ಟೋರೆಂಟ್ ಮತ್ತು ಉಪಾಹಾರ ಗೃಹಗಳನ್ನು ಹೊರಗಿಡಲಾಗಿತ್ತು. ಆದ್ದರಿಂದ ಕಾರ್ಖಾನೆ ಇನ್ಸ್‌ಪೆಕ್ಟರು ನಮ್ಮ ಅಡಿಗೆಮನೆಗೆ ಮೀಟರ್ ಹಿಡಿದುಕೊಂಡು ಬರುವ ಪ್ರಶ್ನೆಯೇ ಇರಲಿಲ್ಲ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿಯೂ ಹೋಟೆಲು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗೇ ಇದೆ. ಆದರೆ 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆ ಎಂಬ ಲೆಕ್ಕದಲ್ಲಿ ನಮ್ಮಲ್ಲಿ ಹೆಚ್ಚಿನವರು ಅದರ ವ್ಯಾಪ್ತಿಗೆ ಬರುತ್ತೇವೆ. ಕೆಲಸದ ಜಾಗದಲ್ಲಿ ಗಾಯ ಅಥವಾ ಔದ್ಯೋಗಿಕ ರೋಗ ತರುವ ಅಪಾಯ ಇರದಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯ ಎಂದು ಈ ಸಂಹಿತೆ ಹೇಳುತ್ತದೆ. ಗದ್ದಲದಿಂದ ಬರುವ ಕಿವುಡುತನ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಮೊದಲಿನಿಂದಲೂ ಇದೆ. ಅಳೆಯಲು ಯಾರೂ ಬರುವುದಿಲ್ಲ, ಆದರೆ ಹೊಣೆ ನಮ್ಮದೇ. ಹಾಗಾಗಿ ಅಳತೆಯನ್ನೂ ನಾವೇ ಮಾಡಿಕೊಳ್ಳಬೇಕು.

ಗಾಳಿಯಲ್ಲಿ ಏನೇನಿದೆ?

ಸೌದೆ ಒಲೆಯ ಕಾಲದಲ್ಲಿ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಕಣ್ಣು ಉರಿಯುತ್ತಿತ್ತು. ಗ್ಯಾಸ್ ಬಂದ ಮೇಲೆ ಗೋಡೆ ಬೆಳ್ಳಗಾಯಿತು. ಗಾಳಿಯೂ ಶುದ್ಧವಾಯಿತೆಂದು ನಂಬಿದೆವು. ಇದು ಅರ್ಧ ಸತ್ಯ.

ಮೊದಲನೆಯದು ಎಣ್ಣೆಯ ಹೊಗೆ. ವಡೆ, ಪೂರಿ, ಬೋಂಡಾ ಕರಿಯಲು 175ರಿಂದ 190 ಡಿಗ್ರಿ ಸೆಲ್ಸಿಯಸ್ ಸಾಕು. ಬೇಗ ಆಗಲಿ ಎಂದು ಉರಿ ಏರಿಸಿದಾಗ ಎಣ್ಣೆ ಹೊಗೆಯಾಡುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಇನ್ನೂ ಕಡಿಮೆ ಶಾಖದಲ್ಲೇ ಹೊಗೆಯಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2006ರಲ್ಲಿ ಸಭೆ ಸೇರಿ, ಹೆಚ್ಚು ಶಾಖದಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿದರು. ಮನೆಯೊಳಗಿನ ಸೌದೆ ಹೊಗೆಯೂ ಅದೇ ಗುಂಪಿನಲ್ಲಿದೆ. ಬಳಸಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ ಶೇ. 25 ಮೀರಬಾರದೆಂಬ ಆಹಾರ ಸುರಕ್ಷತಾ ನಿಯಮ 2018ರ ಜುಲೈ 1ರಿಂದ ಇದೆ. ಅದನ್ನು ನಾವು ಗ್ರಾಹಕರಿಗಾಗಿ ಪಾಲಿಸುತ್ತೇವೆ. ಅದರಿಂದ ಬಾಂಡಲೆಯ ಮುಂದೆ ನಿಂತವನ ಶ್ವಾಸಕೋಶಕ್ಕೂ ಉಪಕಾರವಾಗುತ್ತದೆ.

ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಾಕಷ್ಟು ಗಾಳಿ ಸಿಗದೆ ಗ್ಯಾಸ್ ಅಥವಾ ಇದ್ದಿಲು ಅರೆಬರೆ ಉರಿದಾಗ ಹುಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಂತಿ. ಹೆಚ್ಚಾದರೆ ಪ್ರಜ್ಞೆ ತಪ್ಪಿ ಸಾವು. ಅಮೆರಿಕದ ಕಾರ್ಖಾನೆ ನಿಯಮದಲ್ಲಿ 8 ಗಂಟೆಯ ಸರಾಸರಿ ಮಿತಿ 50 ಪಿ.ಪಿ.ಎಂ., ಅಂದರೆ ಹತ್ತು ಲಕ್ಷ ಭಾಗ ಗಾಳಿಗೆ 50 ಭಾಗ. ಬರ್ನರಿನ ಜ್ವಾಲೆ ನೀಲಿಯಾಗಿದ್ದರೆ ಸರಿ. ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ಬಿಚ್ಚಿ ಶುದ್ಧಗೊಳಿಸಬೇಕು. ಮಧ್ಯಾಹ್ನದ ರಶ್ ಮುಗಿಯುವ ಹೊತ್ತಿಗೆ ಇಬ್ಬರು ಮೂವರು ಒಟ್ಟಿಗೆ ತಲೆನೋವು ಎಂದರೆ ಬಿಸಿಲಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಡಿಸೆಂಬರ್ ಚಳಿಯಲ್ಲಿ ತಂದೂರಿನ ಕೆಂಡವನ್ನು ಬಾಣಲೆಯಲ್ಲಿ ತೆಗೆದುಕೊಂಡು ಹೋಗಿ ಹುಡುಗರು ಮುಚ್ಚಿದ ಕೋಣೆಯಲ್ಲಿ ಮಲಗುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ಅದರಿಂದ ಒಂದೇ ರಾತ್ರಿಯಲ್ಲಿ ಕೋಣೆಯಲ್ಲಿದ್ದವರೆಲ್ಲ ಸಾಯಬಹುದು.

ಮೂರನೆಯದು ಧೂಳು ಮತ್ತು ಘಾಟು. ಮೈದಾ ಚೀಲವನ್ನು ಎತ್ತರದಿಂದ ಸುರಿದಾಗ ಏಳುವ ಬಿಳಿ ಮೋಡ ವರ್ಷಗಟ್ಟಲೆ ಉಸಿರಿಗೆ ಹೋದರೆ ಉಬ್ಬಸ ಬರುತ್ತದೆ. ಬೇಕರಿಯವರ ಆಸ್ತಮಾ ಎಂದೇ ಅದಕ್ಕೆ ಹೆಸರಿದೆ. ಸಾಂಬಾರ್ ಪುಡಿಗೆ ಗುಂಟೂರು ಮೆಣಸಿನಕಾಯಿ ಹುರಿಯುವಾಗ ಇಡೀ ಅಡಿಗೆಮನೆ ಕೆಮ್ಮುವುದು ನಮಗೆಲ್ಲ ಗೊತ್ತು.

ನಾಲ್ಕನೆಯದು ಶುಚಿಗೊಳಿಸುವ ದ್ರಾವಣಗಳು. ಬ್ಲೀಚಿಂಗ್ ದ್ರಾವಣಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡೂ ಹಾಕಿದರೆ ಚೆನ್ನಾಗಿ ಶುದ್ಧವಾಗುತ್ತದೆ ಎಂದು ಹೊಸ ಕ್ಲೀನರ್ ಹುಡುಗ ಒಂದೇ ಬಕೆಟ್ಟಿಗೆ ಸುರಿಯುವುದು ಎಲ್ಲ ಕಡೆ ನಡೆಯುತ್ತದೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡಿ. ಕ್ಯಾನಿನ ಮೇಲೆ ತೆಲುಗು, ಹಿಂದಿ, ಕನ್ನಡ ಮೂರರಲ್ಲೂ "ಬೆರೆಸಬೇಡಿ" ಎಂದು ಬರೆಸಿ. ಓದು ಬಾರದವರಿಗೆ ಕ್ಯಾನಿನ ಬಣ್ಣವೇ ಬೇರೆಯಿರಲಿ.

ಊದುವುದು ಬೇರೆ, ಎಳೆಯುವುದು ಬೇರೆ

ಗೋಡೆಯ ಮೇಲಿನ ಎಕ್ಸಾಸ್ಟ್ ಫ್ಯಾನ್ ಹೊಗೆಯನ್ನೆಲ್ಲ ಎಳೆದುಕೊಳ್ಳುತ್ತದೆ ಎಂಬುದು ನಮ್ಮ ದೊಡ್ಡ ತಪ್ಪು ತಿಳುವಳಿಕೆ. ಒಂದು ಮೇಣದ ಬತ್ತಿ ಹಚ್ಚಿ ಕೈಯಳತೆ ದೂರದಲ್ಲಿಡಿ. ಊದಿದರೆ ಆರುತ್ತದೆ. ಅಷ್ಟೇ ದೂರದಿಂದ ಬಾಯಿಂದ ಗಾಳಿ ಎಳೆದು ಆರಿಸಲು ನೋಡಿ. ಜ್ವಾಲೆ ಅಲುಗುವುದೂ ಇಲ್ಲ. ಊದಿದ ಗಾಳಿ ಒಂದೇ ದಿಕ್ಕಿನಲ್ಲಿ ದೂರ ಹೋಗುತ್ತದೆ. ಎಳೆಯುವಾಗ ಗಾಳಿ ಸುತ್ತಲಿನಿಂದಲೂ ಬರುವುದರಿಂದ ಬಾಯಿಗೆ ಹತ್ತಿರವಿದ್ದದ್ದಷ್ಟೇ ಒಳಗೆ ಬರುತ್ತದೆ. ಎಂಜಿನಿಯರುಗಳ ಲೆಕ್ಕದಲ್ಲಿ, ಎಳೆಯುವ ಕೊಳವೆಯ ಬಾಯಿಂದ ಅದರ ಒಂದು ವ್ಯಾಸದಷ್ಟು ದೂರ ಬಂದರೆ ಗಾಳಿಯ ವೇಗ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಹಾಗಿರುವಾಗ 12 ಅಡಿ ಆಚೆಯ ಗೋಡೆಯಲ್ಲಿರುವ ಫ್ಯಾನಿಗೆ ಬಾಂಡಲೆಯ ಹೊಗೆ ಸಿಗುವುದು ಭಟ್ಟರ ಮುಖವನ್ನು ದಾಟಿ ಬಂದ ಮೇಲೆಯೇ.

ಆದ್ದರಿಂದ ಒಲೆಯ ಮೇಲೆಯೇ ಹುಡ್ ಇರಬೇಕು. ಅದು ಒಲೆಯ ಅಂಚಿನಿಂದ ಎಲ್ಲ ಕಡೆ ಕನಿಷ್ಠ 6 ಇಂಚು ಹೊರಗೆ ಚಾಚಿರಬೇಕು. ಭಟ್ಟರ ತಲೆಗೆ ತಗಲದಷ್ಟು ಎತ್ತರದಲ್ಲಿದ್ದು, ಒಲೆಗೆ ಆದಷ್ಟೂ ಹತ್ತಿರವಿರಬೇಕು.

ಒಂದು ಅಂದಾಜು ಲೆಕ್ಕ ಕೊಡುತ್ತೇವೆ. ಹುಡ್ 8 ಅಡಿ ಉದ್ದ, 4 ಅಡಿ ಅಗಲವಿದ್ದು ಹಿಂಭಾಗ ಗೋಡೆಗೆ ತಾಗಿದೆ ಎನ್ನಿ. ತೆರೆದ ಮೂರು ಬದಿಗಳ ಅಳತೆ 8, 4, 4 ಸೇರಿ 16 ಅಡಿ. ಒಲೆಗೂ ಹುಡ್‌ಗೂ ನಡುವಿನ ಅಂತರ ಮೂರೂಕಾಲು ಅಡಿ. ಗುಣಿಸಿದರೆ ತೆರೆದ ಜಾಗ 52 ಚದರ ಅಡಿ. ಆ ಜಾಗದಲ್ಲಿ ಗಾಳಿ ನಿಮಿಷಕ್ಕೆ 50 ಅಡಿ ವೇಗದಲ್ಲಿ ಒಳಕ್ಕೆ ಸರಿಯಬೇಕಾದರೆ 2,600 ಸಿ.ಎಫ್.ಎಂ. ಸಾಮರ್ಥ್ಯ ಬೇಕು. ಕರಿಯುವ ಕೆಲಸ ಹೆಚ್ಚಿದ್ದರೆ ಇದರ ದುಪ್ಪಟ್ಟು ಹಿಡಿಯಿರಿ. ಹುಡ್‌ನ ಎರಡು ಪಕ್ಕಗಳಿಗೆ ಸ್ಟೀಲ್ ತಗಡು ಹೊಡೆಸಿದರೆ ತೆರೆದ ಅಳತೆ 16ರಿಂದ 8 ಅಡಿಗೆ ಇಳಿಯುತ್ತದೆ. ಅದೇ ಫ್ಯಾನ್ ಎರಡರಷ್ಟು ಕೆಲಸ ಮಾಡುತ್ತದೆ. ಎರಡು ತಗಡಿನ ಖರ್ಚು ಹೊಸ ಮೋಟಾರಿನ ಖರ್ಚಿಗಿಂತ ಎಷ್ಟೋ ಕಡಿಮೆ.

ಹೊರಹೋದಷ್ಟು ಗಾಳಿ ಒಳಗೆ ಬರಲು ದಾರಿಯೂ ಇರಬೇಕು. ಅಡಿಗೆಮನೆಯ ಬಾಗಿಲನ್ನು ತಳ್ಳಿ ತೆರೆಯಬೇಕಾದಷ್ಟು ಬಿಗಿಯಾಗಿದ್ದರೆ ಫ್ಯಾನಿಗೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ. ಆಗ ಅದು ಹಾಲಿನ ಎ.ಸಿ. ಗಾಳಿಯನ್ನೇ ಎಳೆದು ಬಿಸಾಡುತ್ತದೆ, ವಿದ್ಯುತ್ ಬಿಲ್ ಏರುತ್ತದೆ. ಇದ್ದಿಲು ತಂದೂರಿನ ಹೊಗೆಗೂಡಿನ ಮೂಲಕ ಹೊಗೆ ವಾಪಸು ಇಳಿಯುವುದೂ ಉಂಟು. ಶುದ್ಧ ಗಾಳಿಯ ದಾರಿಯನ್ನು ಜನರೇಟರಿನ ಹೊಗೆ ಕೊಳವೆಯಿಂದ ದೂರವಿಡಿ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು 2012ರಲ್ಲೇ ತೀರ್ಮಾನವಾಗಿದೆ. ಹುಡ್‌ನ ಫಿಲ್ಟರುಗಳನ್ನು ವಾರಕ್ಕೊಮ್ಮೆಯಾದರೂ ಬಿಸಿನೀರು, ಸೋಪಿನಲ್ಲಿ ತೊಳೆಯಿಸಿ. ಜಿಡ್ಡು ಕಟ್ಟಿದ ಫಿಲ್ಟರ್ ಗಾಳಿಯನ್ನು ಬಿಡುವುದಿಲ್ಲ. ಕೊಳವೆಯೊಳಗಿನ ಜಿಡ್ಡಿಗೆ ಕಿಡಿ ತಗುಲಿದರೆ ಇಡೀ ಕಟ್ಟಡಕ್ಕೆ ಅಪಾಯ.

ಗದ್ದಲದ ಲೆಕ್ಕ

ಶಬ್ದವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯ ಮಾತುಕತೆ ಸುಮಾರು 60. ಮಿಕ್ಸಿಯ ಹತ್ತಿರ 85ರಿಂದ 90. ಈ ಅಳತೆಯಲ್ಲಿ 3 ಹೆಚ್ಚಾದರೆ ಶಬ್ದದ ಶಕ್ತಿ ಎರಡು ಪಟ್ಟಾಗುತ್ತದೆ. 85 ಇರುವ ಒಂದು ಗ್ರೈಂಡರ್ ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನು ಓಡಿಸಿದರೆ 88 ಆಗುತ್ತದೆ.

ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಗೆ 90 ಡೆಸಿಬಲ್ ಮಿತಿ ಇಡಲಾಗಿತ್ತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಇನ್ನೂ ಬಿಗಿಯಾದ ಲೆಕ್ಕ ಶಿಫಾರಸು ಮಾಡುತ್ತದೆ:

85 ಡೆಸಿಬಲ್ – 8 ಗಂಟೆ
88 ಡೆಸಿಬಲ್ – 4 ಗಂಟೆ
91 ಡೆಸಿಬಲ್ – 2 ಗಂಟೆ
94 ಡೆಸಿಬಲ್ – 1 ಗಂಟೆ
100 ಡೆಸಿಬಲ್ – 15 ನಿಮಿಷ

ಇದು 8 ಗಂಟೆ ಕೆಲಸ ಮಾಡಿ ಮನೆಗೆ ಹೋಗುವವರ ಲೆಕ್ಕ. 12 ಗಂಟೆ ಕೆಲಸವಿರುವಲ್ಲಿ ಮಿತಿ ಸುಮಾರು 83ಕ್ಕೆ ಇಳಿಯುತ್ತದೆ. ಕೆಲಸದ ನಂತರವೂ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಹೋಟೆಲಿನ ಮೇಲಿನ ಕೋಣೆಯಲ್ಲಿ, ಎಕ್ಸಾಸ್ಟ್ ಮೋಟಾರಿನ ಪಕ್ಕದಲ್ಲೇ ಮಲಗುತ್ತಾರೆ. ಅವರ ಕಿವಿಗೆ ವಿಶ್ರಾಂತಿಯೇ ಇಲ್ಲ.

ಮೀಟರ್ ಇಲ್ಲದೆಯೂ ಪರೀಕ್ಷಿಸಬಹುದು. ಎದುರಿಗೆ ಮೂರಡಿ ದೂರದಲ್ಲಿ ನಿಂತವರಿಗೆ ಮಾತು ಕೇಳಿಸಲು ದನಿ ಏರಿಸಬೇಕಾದರೆ ಅಲ್ಲಿ 85 ದಾಟಿರುವ ಸಂಭವವಿದೆ. ಮೊಬೈಲಿನ ಶಬ್ದ ಅಳೆಯುವ ಆ್ಯಪ್ ಕೂಡ ಅಂದಾಜಿಗೆ ಸಾಕು. ಗದ್ದಲದ ಕಿವುಡು ಮೊದಲು ತೆಳು ದನಿಗಳನ್ನು, ಅಂದರೆ ಮಕ್ಕಳ ಮಾತು, ಫೋನಿನ ಗಂಟೆ, ಹಕ್ಕಿಯ ಕೂಗುಗಳನ್ನು ಕಸಿಯುತ್ತದೆ. ನೋವಿಲ್ಲದೆ ಬರುವುದರಿಂದ ತಿಳಿಯುವಷ್ಟರಲ್ಲಿ ಬಹಳ ದೂರ ಹೋಗಿರುತ್ತದೆ.

ನೆರೆಯವರ ವಿಷಯವೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ಇಲ್ಲಿ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ನಮ್ಮ ಗ್ರೈಂಡರ್ ಶುರುವಾಗುವುದು ನಾಲ್ಕಕ್ಕೆ! ಕಾಲೊನಿಯೊಳಗೆ ಹೋಟೆಲ್ ಇರುವವರು ರುಬ್ಬುವ ಕೆಲಸವನ್ನು ಹಿಂದಿನ ಸಂಜೆಯೇ ಮುಗಿಸಿ ಹಿಟ್ಟನ್ನು ತಣ್ಣಗಿಡುವುದು ಲೇಸು.

ಮೊದಲು ಮೂಲದಲ್ಲಿ ತಡೆಯಿರಿ

1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ ಕೆಲಸಗಾರರ ರೋಗಗಳ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಹಿಟ್ಟಿನ ಧೂಳಿನಿಂದ ಬಳಲುವ ರೊಟ್ಟಿ ಮಾಡುವವರೂ ತಾಮ್ರ ಬಡಿದು ಕಿವುಡಾಗುವ ಕಂಚುಗಾರರೂ ಅದರಲ್ಲಿದ್ದಾರೆ. ನಮ್ಮ ನಾಡಿನ ಕೋಲಾರ ಚಿನ್ನದ ಗಣಿಯಲ್ಲಿ ಬಂಡೆಯ ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್‌ನಿಂದ ನರಳಿದವರ ಕಥೆ ನಮಗೆ ಗೊತ್ತಿರುವುದೇ. ಧೂಳು ಎದ್ದ ಮೇಲೆ ಮೂಗಿಗೆ ಬಟ್ಟೆ ಕಟ್ಟುವುದಕ್ಕಿಂತ, ಬಂಡೆ ಕೊರೆಯುವಾಗಲೇ ನೀರು ಹಾಯಿಸಿ ಧೂಳು ಏಳದಂತೆ ಮಾಡುವುದು ಗಣಿಗಳು ಕಲಿತ ಪಾಠ. ಅಡಿಗೆಮನೆಗೂ ಅದೇ ಕ್ರಮ: ಮೊದಲು ತೊಂದರೆಯನ್ನೇ ತೆಗೆದುಹಾಕಿ, ಆಗದಿದ್ದರೆ ಕಡಿಮೆ ತೊಂದರೆಯದನ್ನು ತನ್ನಿ, ಆಮೇಲೆ ಯಂತ್ರದಿಂದ ತಡೆಯಿರಿ, ನಂತರ ಕೆಲಸದ ಹೊತ್ತನ್ನು ಹಂಚಿ. ಮಾಸ್ಕ್, ಕಿವಿಬಿರಡೆ ಎಲ್ಲಕ್ಕಿಂತ ಕೊನೆಗೆ.

ಮೂಗಿಗೆ ಕಟ್ಟುವ ಟವೆಲ್ ಹೊಗೆಯನ್ನು ತಡೆಯುವುದಿಲ್ಲ. ಧೂಳಿನ ಮಾಸ್ಕ್ ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದೇ ಇಲ್ಲ. ಕಿವಿಬಿರಡೆ ಹಾಕಿದವನಿಗೆ ಗ್ಯಾಸ್ ಸೋರುವ ಸದ್ದು, "ಬಿಸಿ ಬಿಸಿ, ದಾರಿ ಬಿಡಿ" ಎಂಬ ಕೂಗು ಕೇಳಿಸದಿರಬಹುದು. ರುಬ್ಬುವ ಕೋಣೆಯಂಥ ಒಂದು ಜಾಗಕ್ಕೆ, ನಿಗದಿತ ಹೊತ್ತಿಗೆ ಮಾತ್ರ ಅದನ್ನು ಬಳಸಿ.

ನಮ್ಮಲ್ಲಿ ಮಾಡಿ ಫಲ ಕಂಡ ಕೆಲವು ಕ್ರಮಗಳು ಇವು:

1. ಗ್ರೈಂಡರುಗಳನ್ನು ಅಡಿಗೆಮನೆಯಿಂದ ತೆಗೆದು ಬಾಗಿಲಿರುವ ಬೇರೆ ಕೋಣೆಗೆ ಹಾಕಿದೆವು. ಕಾಲುಗಳ ಕೆಳಗೆ ದಪ್ಪ ರಬ್ಬರ್ ಇಟ್ಟೆವು. ಸವೆದ ಬೇರಿಂಗ್, ಸಡಿಲ ಬೆಲ್ಟ್ ಬದಲಿಸಿದ್ದರಿಂದಲೇ ಅರ್ಧ ಕಿರಿಕಿರಿ ಕಡಿಮೆಯಾಯಿತು.

2. ಚಿಕ್ಕ ಫ್ಯಾನನ್ನು ಜೋರಾಗಿ ಓಡಿಸುವ ಬದಲು ದೊಡ್ಡ ಫ್ಯಾನನ್ನು ನಿಧಾನವಾಗಿ ಓಡಿಸುತ್ತೇವೆ. ಫ್ಯಾನಿನ ವೇಗ ಶೇ. 20 ಇಳಿಸಿದರೆ ಶಬ್ದ ಸುಮಾರು 5 ಡೆಸಿಬಲ್ ಇಳಿಯುತ್ತದೆ, ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

3. ತಟ್ಟೆ ತೊಳೆಯುವಲ್ಲಿ ಸ್ಟೀಲ್ ಡಬ್ಬಿಯ ಬದಲು ಪ್ಲಾಸ್ಟಿಕ್ ಕ್ರೇಟ್, ಸಿಂಕಿನ ತಳಕ್ಕೆ ರಬ್ಬರ್ ಚಾಪೆ ಹಾಕಿದೆವು. ಲೋಟ ತಟ್ಟೆಗಳ ಖಣಖಣ ತಗ್ಗಿತು, ಒಡೆಯುವುದೂ ಕಡಿಮೆಯಾಯಿತು.

4. ಬಾಂಡಲೆಗೆ ಥರ್ಮಾಮೀಟರ್ ಕೊಟ್ಟು 180 ಡಿಗ್ರಿಯಲ್ಲಿ ನಿಲ್ಲಿಸಲು ಹೇಳಿದೆವು. ಎಣ್ಣೆ ಹೆಚ್ಚು ದಿನ ಬಾಳುತ್ತದೆ.

5. ಮೆಣಸಿನಕಾಯಿ ಹುರಿಯುವುದನ್ನು ವಾರಕ್ಕೊಮ್ಮೆ, ಮಧ್ಯಾಹ್ನ ಮೂರರ ಬಿಡುವಿನಲ್ಲಿ, ಹುಡ್ ಕೆಳಗೆ ಮಾತ್ರ ಮಾಡಿಸುತ್ತೇವೆ. ಹಿಟ್ಟಿನ ಚೀಲವನ್ನು ಡಬ್ಬದೊಳಗೆ ಇಳಿಸಿ ಬಿಚ್ಚುತ್ತೇವೆ.

6. ಅಡಿಗೆಮನೆಯಲ್ಲಿ ತಲೆಯೆತ್ತರಕ್ಕೆ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ, ನೆಲದ ಹತ್ತಿರ ಒಂದು ಗ್ಯಾಸ್ ಸೋರಿಕೆ ಅಲಾರಂ ಹಾಕಿದೆವು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ನಿಲ್ಲುತ್ತದೆ. ಆದ್ದರಿಂದ ಎರಡು ಅಲಾರಂಗಳಿಗೆ ಎರಡು ಜಾಗ.

7. ರುಬ್ಬುವ ಕೆಲಸವನ್ನು ಒಬ್ಬನಿಗೇ ಬಿಡದೆ ಮೂವರಿಗೆ ಸರದಿಯಲ್ಲಿ ಹಂಚಿದೆವು.

8. ಜನರೇಟರನ್ನು ಮುಚ್ಚುಗೂಡಿನೊಂದಿಗೇ ಕೊಂಡೆವು. 1,000 ಕೆ.ವಿ.ಎ. ವರೆಗಿನ ಡೀಸೆಲ್ ಸೆಟ್‌ಗಳಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮಿತಿ ಇದೆ.

ಕಾರ್ಖಾನೆ ಕ್ಯಾಂಟೀನ್ ನಡೆಸುವವರಿಗೆ

ನಮ್ಮಲ್ಲಿ ಹಲವರು ಕಾರ್ಖಾನೆಗಳ ಕ್ಯಾಂಟೀನ್ ಗುತ್ತಿಗೆ ಹಿಡಿದಿದ್ದಾರೆ. 1948ರ ಕಾಯ್ದೆಯಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನ್ ಕಡ್ಡಾಯವಾಗಿತ್ತು. ಹೊಸ ಸಂಹಿತೆಯಲ್ಲಿ ಗುತ್ತಿಗೆ ಕಾರ್ಮಿಕರೂ ಸೇರಿ 100 ಮಂದಿ ಇದ್ದರೆ ಸಾಕು. ನಮಗೆ ಕೆಲಸ ಹೆಚ್ಚುತ್ತದೆ, ಜೊತೆಗೆ ನಮ್ಮ ಹುಡುಗರು ಇನ್ನೊಬ್ಬರ ಹೊಗೆ, ಗದ್ದಲದ ನಡುವೆ ಹೋಗುವುದೂ ಹೆಚ್ಚುತ್ತದೆ. ಕ್ಯಾಂಟೀನ್ ಕಟ್ಟಡ ಬಾಯ್ಲರ್, ಬೂದಿರಾಶಿ, ಧೂಳು ಅಥವಾ ಹೊಗೆ ಏಳುವ ಜಾಗಗಳಿಂದ ಕನಿಷ್ಠ 15 ಮೀಟರ್ ದೂರವಿರಬೇಕೆಂಬುದು ಕಾರ್ಖಾನೆ ನಿಯಮಗಳಲ್ಲಿ ನಡೆದುಬಂದ ಪದ್ಧತಿ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಜಾಗವನ್ನು ಕಣ್ಣಾರೆ ನೋಡಿ. ಟೀ ಟ್ರಾಲಿ ತಳ್ಳುವ ಹುಡುಗ ಯಾವ ಯಾವ ವಿಭಾಗದ ಮೂಲಕ ಹೋಗುತ್ತಾನೆ ಎಂದು ಕೇಳಿ. ಅಲ್ಲಿನ ಕಾರ್ಮಿಕನಿಗೆ ಕಿವಿಬಿರಡೆ, ಮಾಸ್ಕ್ ಕೊಡುವ ಜಾಗವಾದರೆ ನಮ್ಮ ಹುಡುಗನಿಗೂ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿ.

ಈ ತಿಂಗಳು ಮಾಡಬಹುದಾದದ್ದು

ಎಲ್ಲವನ್ನೂ ಒಮ್ಮೆಲೇ ಮಾಡಲು ಯಾರಿಗೂ ಸಾಧ್ಯವಿಲ್ಲ; ನಮಗೂ ಆಗಲಿಲ್ಲ. ರಶ್ ಇರುವ ಒಂದು ದಿನ ಕ್ಯಾಶ್ ಕೌಂಟರ್ ಬಿಟ್ಟು ಒಂದು ಗಂಟೆ ಒಲೆಯ ಪಕ್ಕದಲ್ಲಿ ನಿಂತು ನೋಡಿ. ಅಗರಬತ್ತಿ ಹಚ್ಚಿ ಒಲೆಯ ಅಂಚಿನಲ್ಲಿ ಹಿಡಿಯಿರಿ. ಹೊಗೆ ಹುಡ್ ಕಡೆ ಹೋಗುತ್ತದೆಯೋ ಭಟ್ಟರ ಮುಖದ ಕಡೆ ಹೋಗುತ್ತದೆಯೋ ಗಮನಿಸಿ. ಮೊಬೈಲಿನಲ್ಲಿ ಶಬ್ದ ಅಳೆದು ಬರೆದಿಡಿ. ಇ.ಎಸ್.ಐ. ಇರುವ ಕೆಲಸಗಾರರನ್ನು, ಮೊದಲು ಗ್ರೈಂಡರ್ ಮತ್ತು ಬಾಂಡಲೆಯ ಹಳಬರನ್ನು, ಸನತ್‌ನಗರದ ಇ.ಎಸ್.ಐ. ಆಸ್ಪತ್ರೆಗೆ ಕಳಿಸಿ ಕಿವಿ ಮತ್ತು ಶ್ವಾಸಕೋಶ ತೋರಿಸಿ. ಅದಕ್ಕೆ ನಾವು ಪ್ರತಿ ತಿಂಗಳು ಹಣ ಕಟ್ಟುತ್ತಲೇ ಇದ್ದೇವೆ.

ಒಳ್ಳೆಯ ಭಟ್ಟರು ಸಿಗುವುದಿಲ್ಲ, ಊರಿನ ಹುಡುಗರು ಈ ಕೆಲಸಕ್ಕೆ ಬರುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ನಾವು ಹೇಳಿಕೊಳ್ಳುತ್ತೇವೆ. ಒಂದು ಗಂಟೆ ಒಲೆಯ ಪಕ್ಕ ನಿಂತರೆ ಅದರ ಕಾರಣಗಳಲ್ಲಿ ಒಂದಾದರೂ ನಮಗೆ ತಿಳಿಯುತ್ತದೆ. ನಮ್ಮ ಹಳಬರಿಗೆ ಈಗ ಶ್ರವಣಯಂತ್ರ ಕೊಡಿಸಿದ್ದೇವೆ. ಹಿಟ್ಟಿನ ಹದ ನೋಡುವ ಕೆಲಸಕ್ಕೆ ಈಗಲೂ ಬರುತ್ತಾರೆ, ಆದರೆ ರುಬ್ಬುವ ಕೋಣೆಯೊಳಗೆ ಹೋಗಲು ಬಿಡುವುದಿಲ್ಲ. ಕಳೆದುಹೋದ ಕಿವಿಯನ್ನು ನಾವು ಮರಳಿ ಕೊಡಲಾರೆವು. ಅವರ ಜಾಗಕ್ಕೆ ಬಂದ ಹುಡುಗನ ಕಿವಿಯನ್ನು ಉಳಿಸುವುದು ಮಾತ್ರ ಇನ್ನೂ ನಮ್ಮ ಕೈಯಲ್ಲಿದೆ.